ಯಾವಾಗ ಹೋಗುದು?

ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯೋ ರಿಗ್ಗಲ್ಲಿ ಕೆಲಸ ಮಾಡೋರ ರಜೆ ಲೆಕ್ಕ ಅವರಿಗಿಂತ ಚೆನ್ನಾಗಿ ಊರವರಿಗೆ ಗೊತ್ತಿರ್ತದೆ. ನಂದು 28 ದಿನ ಕೆಲಸ, 28 ದಿನ ಮನೆ, ಹಾಗಾಗಿ 2016ರ ಜನವರಿಲಿ ಬಂದವ ಮಾರ್ಚ್ ಆದ್ರೂ ಕಾರವಾರದ ಮೀನು ಮಾರ್ಕೆಟ್ಟಲ್ಲಿ ಚೀಲ ಹಿಡ್ಕೊಂಡು ಬಂಗಡೆಗೆ ಚೌಕಾಸಿ ಮಾಡೋದು ಕಂಡ್ರೆ ಜನ ಬಿಡ್ತಾರಾ? "ಏನಾ, ಯಾವಾಗ ಹೋಗುದು?" ಮೀನು ಮಾರೋ ಹೆಂಗಸಿಂದ ಹಿಡಿದು ಕಟಿಂಗ್ ಶಾಪಿನವನವರೆಗೆ ಎಲ್ರದ್ದೂ ಇದೇ ಪ್ರಶ್ನೆ. ರಿಗ್ ರಿಪೇರಿಗೆ ಹೋಗಿದೆ, ಇನ್ನೊಂದ್ ತಿಂಗಳು ಅಂತಿದ್ದೆ. ಪೂರ್ತಿ ಸುಳ್ಳಲ್ಲ ಅದು. ರಿಗ್ಗನ್ನ ದಡದ ಹತ್ರ ತಂದು ನಿಲ್ಲಿಸಿದ್ರು, ಲೈಟು ಜನರೇಟರ್ ನೋಡ್ಕೊಳ್ಳೋಕೆ ನಾಲ್ಕು ಜನ ಬಿಟ್ಟು ಉಳಿದೋರನ್ನೆಲ್ಲ ಮನೆಗೆ ಕಳಿಸಿದ್ರು. ನಮ್ಮ ಭಾಷೇಲಿ ಸ್ಟ್ಯಾಕ್ ಮಾಡೋದು ಅಂತೀವಿ. ಜನ ಇಟ್ಟು ಇಂಜಿನ್ ಜೀವಂತ ಇಟ್ರೆ ವಾರ್ಮ್ ಸ್ಟ್ಯಾಕ್, ಎಲ್ಲ ಆಫ್ ಮಾಡಿ ಬೀಗ ಹಾಕಿದ್ರೆ ಕೋಲ್ಡ್ ಸ್ಟ್ಯಾಕ್. ನಂದು ಮೊದಲು ವಾರ್ಮ್ ಇತ್ತು, ಏಪ್ರಿಲ್‌ಗೆ ಕೋಲ್ಡ್ ಆಯ್ತು ಅಂತ ವಾಟ್ಸಾಪ್ ಗ್ರೂಪಲ್ಲಿ ಯಾರೋ ಹಾಕಿದ್ರು, ಆವತ್ತು ಊಟ ಸೇರ್ಲಿಲ್ಲ.

2014ರ ಜೂನಲ್ಲಿ ಬ್ಯಾರಲ್ಲಿಗೆ 110 ಡಾಲರ್ ಮೇಲಿದ್ದ ಬ್ರೆಂಟ್ ಕಚ್ಚಾ ತೈಲ 2016ರ ಜನವರಿಲಿ 30ರ ಕೆಳಗೆ ಬಂದಿತ್ತು. ಅಮೆರಿಕದಲ್ಲಿ ಶೇಲ್ ಅನ್ನೋ ಕಲ್ಲಿನ ಪದರದಿಂದ ತೆಗೆಯೋ ಎಣ್ಣೆ ಉಕ್ಕಿ ಹರೀತಿತ್ತು, ಎಣ್ಣೆ ಮಾರೋ ದೇಶಗಳ ಕೂಟ ಒಪೆಕ್‌ನವರು 2014ರ ನವೆಂಬರಲ್ಲಿ ನಾವೂ ಕಡಿಮೆ ಮಾಡಲ್ಲ ಅಂತ ಕೂತ್ರು, ಮಧ್ಯ ನಮ್ಮಂಥೋರು ಸಿಕ್ಕಿಬಿದ್ದಿದ್ದು. ಹೊಟ್ಟೆ ಉರಿಯೋ ವಿಷಯ ಅಂದ್ರೆ ಎಣ್ಣೆ ಇಳಿದು ನನ್ನ ಕೆಲಸ ಹೋಯ್ತು ಮಾರಾಯ್ರೆ, ಆದ್ರೆ ಬೈಕಿಗೆ ಹಾಕೋ ಪೆಟ್ರೋಲ್ ಅದೇ ಲೆಕ್ಕದಲ್ಲಿ ಇಳೀಲಿಲ್ಲ, ಯಾಕಂದ್ರೆ ಆ ಒಂದೂವರೆ ವರ್ಷದೊಳಗೆ ಎಕ್ಸೈಸ್ ಡ್ಯೂಟಿ ಒಂಬತ್ತು ಸಲ ಏರಿಸಿದ್ರು. ಎರಡೂ ಕಡೆಯಿಂದ ಹೊಡೆತ.

ನಂದು ಡೆರಿಕ್‌ಮ್ಯಾನ್ ಕೆಲಸ. ಡೆರಿಕ್ ಅಂದ್ರೆ ರಿಗ್ಗಿನ ಕಬ್ಬಿಣದ ಗೋಪುರ, ಅದರ ಮೇಲೆ ಹತ್ತತ್ರ 90 ಅಡಿ ಎತ್ತರದಲ್ಲಿ ಮಂಕಿ ಬೋರ್ಡ್ ಅಂತ ಒಂದು ಹಲಗೆ ಇರ್ತದೆ, ಬೆಲ್ಟ್ ಕಟ್ಕೊಂಡು ಅಲ್ಲಿಂದ ಬಗ್ಗಿ ಪೈಪಿನ ತಲೆ ಹಿಡಿದು ಸಾಲಾಗಿ ನಿಲ್ಲಿಸೋದು, ಕೆಳಗೆ ಬಂದ್ರೆ ಬಾವಿಯೊಳಗೆ ಕೆಸರು ನೀರು ತಳ್ಳೋ ಮಡ್ ಪಂಪ್ ನೋಡ್ಕೊಳ್ಳೋದು. ಆಯಿ ಎಲ್ರಿಗೂ ಹೇಳುದು "ನಮ್ಮವಂದು ಅಡಿಕೆ ಕೊನೆ ಕೊಯ್ದ ಹಂಗೇ ಕೆಲ್ಸ, ಆದ್ರೆ ಸಮುದ್ರದಲ್ಲಿ" ಅಂತ. ನಾನು ಎಷ್ಟು ಸಲ ಬಿಡಿಸಿ ಹೇಳಿದ್ರೂ ಇದಕ್ಕಿಂತ ಚೆನ್ನಾಗಿ ಬರ್ಲಿಲ್ಲ.

ಕೆಲಸ ಹುಡುಕಿದ್ದರ ಬಗ್ಗೆ ಉದ್ದ ಹೇಳೋಕೆ ಏನಿಲ್ಲ. ಸಿವಿ ಕಳಿಸೋದು, ಉತ್ತರ ಇಲ್ಲ. ಉತ್ತರ ಬಂದಿದ್ದು ಒಂದೇ, ಉತ್ತರ ಸಮುದ್ರದ ರಿಗ್ಗಿಗೆ ಸೆಲೆಕ್ಟ್ ಆಗಿದೀರಿ, ವೀಸಾ ಪ್ರೊಸೆಸಿಂಗ್‌ಗೆ 85 ಸಾವಿರ ಕಟ್ಟಿ ಅಂತ. ಇಂಟರ್‌ವ್ಯೂ ಇಲ್ಲದೆ ಡೆರಿಕ್‌ಮ್ಯಾನ್‌ನ ಯಾರೂ ತಗೊಳಲ್ಲ ಅಂತ ನಂಗೇ ಗೊತ್ತಿದ್ರೂ ಆ ಮೇಲ್‌ನ ಮೂರು ದಿನ ಡಿಲೀಟ್ ಮಾಡ್ಲಿಲ್ಲ, ದಿನಾ ತೆಗೆದು ನೋಡ್ತಿದ್ದೆ, ಅದು ನಾಚಿಕೆ ವಿಷಯ. (ಈಗ ಹುಡುಕ್ತಾ ಇರೋ ಹುಡುಗ್ರಿಗೆ: ಸರ್ಕಾರದ ಇ-ಮೈಗ್ರೇಟ್ ಸೈಟಲ್ಲಿ ಏಜೆಂಟ್ ಹೆಸರು ರಿಜಿಸ್ಟರ್ ಆಗಿದೆಯಾ ನೋಡಿ, ಅವರು ತಗೊಳ್ಬಹುದಾದ ಫೀಸು 30 ಸಾವಿರ, ಮೇಲೆ ಜಿಎಸ್‌ಟಿ, ಅದಕ್ಕೂ ರಸೀದಿ ಕೊಡ್ಬೇಕು.)

ನಿಜವಾದ ತಲೆನೋವು ಬೇರೆ ಇತ್ತು. ಬೋಸಿಯೆಟ್ ಅಂತ ಮೂರು ದಿನದ ಸೇಫ್ಟಿ ಕೋರ್ಸಿನ ಸರ್ಟಿಫಿಕೇಟ್ ಇಲ್ಲದೆ ಹೆಲಿಕಾಪ್ಟರೇ ಹತ್ತಿಸಲ್ಲ, ಅದರ ವಾಯಿದೆ ನಾಲ್ಕು ವರ್ಷ, ನಂದು ಮಾಡಿದ್ದು 2012ರ ಜುಲೈ. ಕೆಲಸ ನಿಂತ್ರೂ ತಾರೀಕು ನಿಲ್ಲಲ್ಲ ನೋಡಿ. ಮುಗಿಯೋಕೆ ಮೊದ್ಲು ಹೋದ್ರೆ ಫೋಯೆಟ್ ಅಂತ ಒಂದು ದಿನದ ರಿಫ್ರೆಶರ್ ಸಾಕು, ಮುಗಿದ ಮೇಲೆ ಹೋದ್ರೆ ಪೂರ್ತಿ ಮೂರು ದಿನ ಮತ್ತೆ. ಇಲ್ಲದ ಕೆಲಸಕ್ಕೆ ಸರ್ಟಿಫಿಕೇಟ್ ಮಾಡ್ಸೋದಾ ಬಿಡೋದಾ? ಮುಂಬೈಗೆ ಹೋಗಿ ಬರೋದು, ಫೀಸು ಎಲ್ಲ ಸೇರಿ 30 ಸಾವಿರದ ಹತ್ರ ಬೇಕು, ಬ್ಯಾಂಕಲ್ಲಿ ಇದ್ದಿದ್ದು ಮಗಳ ಸ್ಕೂಲ್ ಫೀಸು.

ಮಾವನ ಹತ್ರ ಕೇಳೋಣ ಅಂತ ಬೈತಖೋಲಕ್ಕೆ ಹೋದೆ. ಜೂನು ಜುಲೈ ಎರಡು ತಿಂಗಳು ಯಾಂತ್ರಿಕ ಬೋಟಿಗೆ ಬಂದ್, ಬೋಟೆಲ್ಲ ಬಂದರಲ್ಲಿ ಒಂದಕ್ಕೊಂದು ತಾಗಿ ನಿಂತಿತ್ತು, ಮಾವ ತಾಡಪತ್ರಿ ಕೆಳಗೆ ಕೂತು ಬಲೆ ಹೊಲೀತಿದ್ದ. ತಲೆ ಎತ್ತದೇ ಹೇಳ್ದ, "ಆ ಕಾಗದಕ್ಕೆ ದುಡ್ಡು ಹಾಕ್ಬೇಡ. ಆಗಸ್ಟ್ ಒಂದಕ್ಕೆ ಬೋಟ್ ಬಿಡ್ತೆ, ಬಾ. ಪಾಲು ಕೊಡ್ತೆ." ನಂಗೆ ಅದೇ ಸರಿ ಅನ್ನಿಸ್ತು, ನಿಜ ಹೇಳ್ಬೇಕಂದ್ರೆ ಹಗುರ ಆಯ್ತು. ಮನೆಗೆ ಬಂದು ಹೆಂಡ್ತಿಗೆ ಹೇಳಿದ್ರೆ ಅವಳು ಮೀನು ಮಾಡ್ತಾ ಇದ್ದವಳು ಕೈ ಕೂಡ ತೊಳೀದೆ ಕೇಳಿದ್ಲು, "ಡೇಟ್ ಮುಗಿದ್ರೆ ಖರ್ಚು ಡಬಲ್ ಆಗ್ತದೆ ಅಲ್ವಾ? ಆಗ ಅಷ್ಟು ದುಡ್ಡು ಎಲ್ಲಿಂದ ತರ್ತೀರಿ?" ಅಷ್ಟೇ. ಮರುದಿನ ಅವಳ ಎರಡು ಬಳೆ ಸೊಸೈಟಿಗೆ ಹೋಯ್ತು. ನಾನು ಮತ್ಸ್ಯಗಂಧ ರೈಲು ಹತ್ತಿದೆ, ಕೊಂಕಣ ರೈಲ್ವೇದು ಮಳೆಗಾಲದ ಟೈಮ್‌ಟೇಬಲ್, ತೆವಳ್ಕೊಂಡು ಹೋಯ್ತು. ಡೊಂಬಿವಲಿಲಿ ಚಿಕ್ಕಪ್ಪನ ಮನೇಲಿ ಉಳ್ಕೊಂಡೆ.

ಕೋರ್ಸಲ್ಲಿ ಹನ್ನೊಂದು ಜನ ಇದ್ವಿ. ಕೆಲಸ ಇದ್ದೋರು ಇಬ್ರು. ಉಳಿದೋರೆಲ್ಲ ನನ್ನ ಹಾಗೇ ತಾರೀಕು ಉಳಿಸ್ಕೊಳ್ಳೋಕೆ ಬಂದೋರು. ಒಬ್ರು ಮಲಯಾಳಿ, ಇಪ್ಪತ್ತೆರಡು ವರ್ಷ ಸರ್ವಿಸ್, ಟೂಲ್‌ಪುಷರ್ ಅಂದ್ರೆ ಡ್ರಿಲ್ಲಿಂಗ್ ಕೆಲಸದ ಮೇಲ್ವಿಚಾರಕ, ರಿಗ್ಗಲ್ಲಿ ಅರ್ಧ ದೇವರಿದ್ದ ಹಾಗೆ, ಅವರೂ ಬಾಡಿಗೆ ಕವರಾಲ್ ಹಾಕ್ಕೊಂಡು ನಮ್ಮ ಜೊತೆ ಫೈರ್ ಎಕ್ಸ್‌ಟಿಂಗ್ವಿಶರ್ ಹಿಡ್ಕೊಂಡು ಲೈನಲ್ಲಿ ನಿಂತಿದ್ರು.

ಮಧ್ಯಾಹ್ನದ ಮೇಲೆ ಹ್ಯೂಯೆಟ್. ಹೆಲಿಕಾಪ್ಟರ್ ತರದ ಒಂದು ಡಬ್ಬದಲ್ಲಿ ಬೆಲ್ಟ್ ಹಾಕಿ ಕೂರ್ಸಿ, ಸ್ವಿಮ್ಮಿಂಗ್ ಪೂಲಿಗೆ ಇಳ್ಸಿ, ನೀರೊಳಗೆ ತಲೆಕೆಳಗೆ ಮಾಡ್ತಾರೆ, ಕಿಟಕಿ ತಳ್ಳಿ ಹೊರಗೆ ಬರ್ಬೇಕು. ನಂಗೆ ಭಯ ಇರ್ಲಿಲ್ಲ. ಕಾಳಿ ನದಿಲಿ ಈಜಿ ಬೆಳೆದವ, ಪಕ್ಕದ ಪಂಜಾಬಿ ಹುಡುಗ ಬೆಳ್ಳಗಾಗಿದ್ದು ನೋಡಿ ಬೆನ್ನು ತಟ್ಟಿ ಧೈರ್ಯ ಬೇರೆ ಹೇಳಿದ್ದೆ. ರೂಲ್ ಏನಂದ್ರೆ ಒಂದು ಕೈ ಕಿಟಕಿ ಅಂಚಲ್ಲಿ, ಒಂದು ಕೈ ಬಕಲ್ ಮೇಲೆ, ಡಬ್ಬ ತಿರುಗೋದು ಪೂರ್ತಿ ನಿಲ್ಲೋವರೆಗೆ ಕಾಯ್ಬೇಕು, ಕಿಟಕಿ ತಳ್ಳಿ ಅಂಚು ಗಟ್ಟಿ ಹಿಡ್ಕೊಂಡ ಮೇಲೇ ಬೆಲ್ಟ್ ಬಿಚ್ಚಬೇಕು. ಬೆಲ್ಟಲ್ಲಿ ಇರೋವರೆಗೆ ತಲೆ ಕೆಳಗಾದ್ರೂ ಬಲಗಡೆ ಕಿಟಕಿ ಬಲಗಡೆಯೇ ಇರ್ತದೆ. ನಾನು ಈಜು ಬರ್ತದಲ್ಲ, ಮೂಗಿಗೆ ಕ್ಲೋರಿನ್ ನೀರು ನುಗ್ಗಿದ್ದೇ ತಡ ಬಕಲ್ ಬಿಚ್ಚಿಬಿಟ್ಟೆ. ಲೈಫ್‌ಜಾಕೆಟ್ಟೂ ಕವರಾಲ್ ಒಳಗಿನ ಗಾಳಿಯೂ ಸೇರಿ ನನ್ನ ಎತ್ಕೊಂಡು ಹೋಗಿ ಡಬ್ಬದ ನೆಲಕ್ಕೆ ಒತ್ತಿ ಹಿಡಿದ್ವು, ನೆಲ ಈಗ ಮೇಲಿತ್ತು. ಕಿಟಕಿ ಎಲ್ಲಿ ಅಂತಲೇ ಗೊತ್ತಿಲ್ಲ, ಕೈಗೆ ಸಿಕ್ಕಿದ್ದು ಯಾರದ್ದೋ ಶೂ. ಡೈವರ್ ಬಂದು ಕಾಲರ್ ಹಿಡಿದು ಎಳೆದು ಹಾಕ್ದ. ದಂಡೆ ಮೇಲೆ ಕೆಮ್ತಾ ಕೂತಾಗ ನೋಡಿದ್ರೆ ಆ ಪಂಜಾಬಿ ಹುಡುಗ, ಈಜೇ ಬರದವ, ಹೇಳಿದಷ್ಟೇ ಮಾಡಿ ಆರಾಮಾಗಿ ಹೊರಗೆ ಬಂದು ತಲೆ ಒರೆಸ್ಕೊಳ್ತಾ ಇದ್ದ.

ಎರಡನೇ ಸಲ ಪಾಸಾದೆ. ಆ ಸಲ ಕಿಟಕಿ ಅಂಚನ್ನ ಎಷ್ಟು ಗಟ್ಟಿ ಹಿಡಿದಿದ್ದೆ ಅಂದ್ರೆ ಅಂಗೈ ತುಂಬಾ ಗೆರೆ ಬಿದ್ದಿತ್ತು.

ಚಾ ಕುಡೀತಾ ಮಲಯಾಳಿ ಸಾರ್ ನನ್ನ ಸಿವಿ ಫೋನಲ್ಲೇ ನೋಡಿದ್ರು. ಡೆರಿಕ್‌ಮ್ಯಾನ್ ಅಂತ ಮೇಲೆ ದೊಡ್ಡಕ್ಷರದಲ್ಲಿ ಬರ್ದಿದೀಯ, ಈಗ ಆ ಸೀಟಿಗೆ ಹೊರಗಡೆ ಹತ್ತು ಜನ ನಿಂತಿದಾರೆ, ಕೆಳಗಿನ ಕೆಲಸಕ್ಕೂ ಬರ್ತೀಯಾ ಹೇಳು ಅಂದ್ರು. ಅವರು ಹೇಳಿದ ಪ್ರಕಾರ ಹೊರದೇಶದಲ್ಲಿ ಕೆಲಸ ಮಲಗಿದ್ರೂ ಮುಂಬೈ ಹತ್ರದ ಸಮುದ್ರದ ಎಣ್ಣೆ ಜಾಗ ಮುಂಬೈ ಹೈಲಿ ಸರ್ಕಾರಿ ಕಂಪನಿ ಒಎನ್‌ಜಿಸಿ ಡ್ರಿಲ್ಲಿಂಗ್ ನಿಂತಿರ್ಲಿಲ್ಲ, ಕಾಂಟ್ರಾಕ್ಟ್ ರಿಗ್ಗುಗಳು ಓಡ್ತಿದ್ವು, ಆದ್ರೆ ಸಂಬಳ ರೂಪಾಯಿಲಿ. ರೌಸ್ಟಬೌಟ್ ಅಂದ್ರೆ ಡೆಕ್ ತೊಳೆಯೋದು, ತುಕ್ಕು ಕೆರೆಯೋದು, ಪೇಂಟ್, ಕ್ರೇನಿಗೆ ಸರಪಳಿ ಸಿಕ್ಕಿಸೋದು. ಎಂಟು ವರ್ಷದ ಹಿಂದೆ ನಾನು ಶುರು ಮಾಡಿದ್ದ ಜಾಗ ಅದು. ಬರ್ತೀನಿ ಅಂದೆ. ಅಂದಿದ್ದು ಬಾಯಿ ಮಾತ್ರ, ಮೈ ಒಪ್ಪಿರ್ಲಿಲ್ಲ.

ಫೋನ್ ಬಂದಿದ್ದು ಚೌತಿಗೆ ಹತ್ತು ದಿನ ಇರೋವಾಗ. ಆಗ ನಾನು ಮಾವನ ಬೋಟಲ್ಲೇ ಹೋಗ್ತಿದ್ದೆ, ಮೈಯೆಲ್ಲ ಮೀನಿನ ವಾಸನೆ, ಫೋನಿಗೆ ಪ್ಲಾಸ್ಟಿಕ್ ಕವರ್ ಸುತ್ತಿದ್ದೆ, ಅದರ ಮೇಲೇ ಬೆರಳು ಉಜ್ಜಿ ಎತ್ತಿದ್ದು. ಸರ್ಟಿಫಿಕೇಟ್ ವ್ಯಾಲಿಡ್ ಇದ್ಯಾ ಅಂತ ಮೊದಲ ಪ್ರಶ್ನೆ. ಇದೆ ಸಾರ್. ರೌಸ್ಟಬೌಟ್, ಓಕೆನಾ? ಓಕೆ ಸಾರ್. ಸಂಬಳ ಮೊದಲಿನದರ ಮೂರರಲ್ಲಿ ಒಂದು ಪಾಲು ಇತ್ತು, ಮಾವನ ಬೋಟಿನ ಪಾಲಿಗಿಂತ ಸ್ವಲ್ಪ ಜಾಸ್ತಿ.

ಜುಹು ಹೆಲಿಬೇಸಲ್ಲಿ ಬ್ಯಾಗ್ ತೂಗಿ, ನನ್ನನ್ನೂ ತೂಗಿ, ಹೆಲಿಕಾಪ್ಟರ್ ಹತ್ಸಿದ್ರು. ಫ್ಯಾನ್ ತಿರುಗೋ ಮೊದ್ಲೇ ನನ್ನ ಬಲಗೈ ಕಿಟಕಿ ಅಂಚಿಗೆ ಹೋಗಿತ್ತು. ರಿಗ್ಗಲ್ಲಿ ಮೊದಲ ದಿನ ತುಕ್ಕು ಕೆರೆಯೋ ಸುತ್ತಿಗೆ ಕೊಟ್ರು, ತಲೆ ಎತ್ತಿದ್ರೆ ಮಂಕಿ ಬೋರ್ಡಲ್ಲಿ ಬೇರೆ ಯಾರೋ ಬಗ್ಗಿ ಪೈಪ್ ಹಿಡೀತಿದ್ದ, ಕೆಲಸ ಪರವಾಗಿಲ್ಲ ಆದ್ರೆ ಸ್ವಲ್ಪ ಸ್ಲೋ ಅನ್ನಿಸ್ತು ನಂಗೆ.

ರಾತ್ರಿ ಫೋನ್ ಲೈನ್ ಸಿಕ್ಕಿ ಆಯಿ ಹತ್ರ ಮಾತಾಡ್ದೆ. ಊಟ ಆಯ್ತಾ ತಮಾ, ಗಣಪತಿಗೆ ಪಂಚಕಜ್ಜಾಯ ಮಾಡಿದ್ದೆ, ನೀ ಇರ್ಲಿಲ್ಲ ಅಂದ್ಲು. ಇಲ್ಲಿ 28 ಅಲ್ಲ, 14 ದಿನ ಕೆಲಸ 14 ದಿನ ರಜೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ಲು.

"ಇಷ್ಟು ಬೇಗ ಬಂದ್ಬಿಟ್ರೆ ಮತ್ತೆ ಎಲ್ಲ ಕೇಳ್ತಾರಲ್ಲಾ ಮಾರಾಯಾ..."