ಅಮ್ಮನನ್ನು ಊರಿಗೆ ಏಕೆ ಕರೆದೊಯ್ಯಲಿಲ್ಲ?

ಅಮ್ಮ ತೀರಿಕೊಂಡ ಮೇಲೆ ಕುಂದಾಪುರದ ಕಡೆಯ ನೆಂಟರು ಯಾರೇ ಸಿಕ್ಕಿದರೂ ಕೇಳುವುದು ಇದನ್ನೇ: ಕೊನೆಗಾಲದಲ್ಲಾದರೂ ಅಮ್ಮನನ್ನು ಊರಿಗೆ ಕರೆದುಕೊಂಡು ಬರಬಹುದಿತ್ತಲ್ಲ, ಹುಟ್ಟಿದ ಮಣ್ಣಿನಲ್ಲಿ ಕಣ್ಣು ಮುಚ್ಚುತ್ತಿದ್ದರಲ್ಲ? ಪ್ರೀತಿಯಿಂದಲೇ ಕೇಳುತ್ತಾರೆ, ನನಗೆ ಗೊತ್ತು. ಆದರೆ ಮುಂಬಯಿ ಎಂದರೆ ದುಡಿಯುವ ಜಾಗ, ಊರು ಎಂದರೆ ಘಟ್ಟದ ಕೆಳಗಿನದು ಮಾತ್ರ ಎಂದು ಅವರು ತಿಳಿದಿದ್ದಾರೆ. ಅಮ್ಮನಿಗೆ ಮುಂಬಯಿಯೇ ಊರು. ಅದನ್ನು ಅವಳು ಕೈಯಾರೆ ಊರು ಮಾಡಿಕೊಂಡಿದ್ದಳು.

1971ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದಳು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅವಳು ಬಂದಾಗ ಇದ್ದದ್ದು ಘಟ್ಟ ಹತ್ತಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆ ಹಾದು ಬರುವ ಬಸ್ಸು. ಮುಂಬಯಿಯ ಗಿರಣಿಗಳ ಕೇರಿ ಲಾಲ್‌ಬಾಗ್‌ನ ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ವಠಾರದಲ್ಲಿ, ಒಂದೇ ಖೋಲಿ, ಮುಂದೆ ಎಲ್ಲರಿಗೂ ಸೇರಿದ ಗ್ಯಾಲರಿ, ಬೆಳಗಿನ ಜಾವ ಮಾತ್ರ ಬರುವ ನಳದ ನೀರು. ಅಪ್ಪ ಬಟ್ಟೆ ಗಿರಣಿಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರು. ಅಮ್ಮನಿಗೆ ಮರಾಠಿಯ ಗಂಧಗಾಳಿಯೂ ಇರಲಿಲ್ಲ.

1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ಕಾರ್ಮಿಕ ನಾಯಕ ದತ್ತಾ ಸಾಮಂತರ ಮಾತಿಗೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಗೆ ಬಂದರು. ಗಿರಣಿ ನಿಂತರೆ ಕ್ಯಾಂಟೀನಿನ ಒಲೆ ಉರಿಯುವುದೆಲ್ಲಿ? ಚಾಳಿನ ಎಷ್ಟೋ ಮನೆಯವರು ಹೆಂಡತಿ ಮಕ್ಕಳನ್ನು ರತ್ನಾಗಿರಿ, ಸಿಂಧುದುರ್ಗದ ಹಳ್ಳಿಗಳಿಗೆ ಕಳುಹಿಸಿದರು. ಅಜ್ಜನಿಂದಲೂ ಕಾಗದ ಬಂತು: ಮಕ್ಕಳನ್ನು ಕಟ್ಟಿಕೊಂಡು ಬಂದುಬಿಡು, ಇಲ್ಲಿ ಗಂಜಿಗೇನೂ ಬರವಿಲ್ಲ. ಅಮ್ಮ ಹೋಗಲಿಲ್ಲ.

ಅವಳು ಊರಿನಿಂದ ಬಸ್ಸಿನಲ್ಲಿ ತರಿಸಿಕೊಂಡಿದ್ದ ಅರೆಯುವ ಕಲ್ಲೊಂದು ಮೂಲೆಯಲ್ಲಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದರ ಮುಂದೆ ಕುಳಿತುಕೊಳ್ಳುತ್ತಿದ್ದಳು. ಕೆಳಗಿನ ಖೋಲಿಯವರಿಗೆ ಸದ್ದು ಕೇಳಬಾರದೆಂದು ಕಲ್ಲಿನ ಅಡಿಗೆ ಗೋಣಿಚೀಲ, ಅದರ ಮೇಲೊಂದು ಹಳೆಯ ಕೌದಿ. ಉದ್ದು ನುಣ್ಣಗಾಯಿತೇ ಎಂದು ತಿಳಿಯಲು ಲೋಟದ ನೀರಿಗೆ ಒಂದು ಚೂರು ಹಿಟ್ಟು ಬಿಡುತ್ತಿದ್ದಳು. ತೇಲಿದರೆ ಸರಿ, ಮುಳುಗಿದರೆ ಮತ್ತೆ ಕಲ್ಲು ತಿರುಗುತ್ತಿತ್ತು. ಬೆಳಿಗ್ಗೆ ನೆರೆಯ ಹೆಂಗಸರು ಪಾತ್ರೆ ಹಿಡಿದುಕೊಂಡು ಬಂದು ಇಡ್ಲಿ ಹಿಟ್ಟು ಒಯ್ಯುತ್ತಿದ್ದರು. ಕೈಯಲ್ಲಿ ಕಾಸಿದ್ದವರು ಕೊಡುತ್ತಿದ್ದರು. ಇಲ್ಲದವರ ಲೆಕ್ಕವನ್ನು ಅಮ್ಮ ಬಾಗಿಲಿನ ಹಿಂಬದಿಯಲ್ಲಿ ಸೀಮೆಸುಣ್ಣದಿಂದ, ಕನ್ನಡ ಅಂಕಿಗಳಲ್ಲಿ ಬರೆದಿಡುತ್ತಿದ್ದಳು.

ಆ ಮುಷ್ಕರ ಮುಗಿಯಿತೆಂದು ಯಾರೂ ಘೋಷಿಸಲಿಲ್ಲ. ಎಷ್ಟೋ ಗಿರಣಿಗಳು ಮತ್ತೆ ತೆರೆಯಲೂ ಇಲ್ಲ. ಬಾಗಿಲಿನ ಮೇಲಿನ ಲೆಕ್ಕ ಬೆಳೆಯುತ್ತಲೇ ಹೋಯಿತು. ಒಂದು ಚೌತಿಗೆ ಅಮ್ಮ ಬಾಗಿಲಿಗೆ ಹೊಸದಾಗಿ ಬಣ್ಣ ಬಳಿಸಿದಳು, ಅಷ್ಟೆ. ಯಾರ ಬಳಿಯೂ ಒಂದು ಮಾತು ಕೇಳಲಿಲ್ಲ. ಇದನ್ನು ತ್ಯಾಗ ಎಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ, ಅವಳಿಗೂ ಒಪ್ಪಿಗೆಯಾಗುತ್ತಿರಲಿಲ್ಲ. ಹಾಲಿನವನು ಒಂದು ಚಟಾಕು ಕಡಿಮೆ ಅಳೆದರೆ ಇಡೀ ಗ್ಯಾಲರಿಗೆ ಕೇಳುವ ಹಾಗೆ ಜಗಳವಾಡುತ್ತಿದ್ದವಳು ಅವಳು. "ಸಂಕ್ರಾಂತಿಯ ಹಳದೀಕುಂಕುಮಕ್ಕೆ ಇವರ ಮನೆಗಳಿಗೇ ಹೋಗಬೇಕು. ಸಾಲಗಾರರ ಮನೆಗೆ ಹೋದ ಹಾಗೆ ಹೋಗುವುದಕ್ಕೆ ನನ್ನಿಂದಾಗದು" ಎನ್ನುವುದು ಅವಳ ವಾದ.

ನನ್ನನ್ನು ಪಾಲಿಕೆಯ ಕನ್ನಡ ಶಾಲೆಗೆ ಸೇರಿಸಿದ್ದೂ ಅವಳೇ, ಮುಂದೆ ಮುಂಬಯಿ ಹೊರವಲಯದ ಡೊಂಬಿವಲಿಯ ನಮ್ಮ ಮನೆಯಲ್ಲಿ ನನ್ನ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದೂ ಅವಳೇ. ಮಕ್ಕಳಿಗೆ ಅಮ್ಮಮ್ಮ ಹೇಳಿದ್ದೇ ವೇದ.

ಊರಿನ ಮೇಲೆ ಅವಳಿಗೆ ಮುನಿಸೇನೂ ಇರಲಿಲ್ಲ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂದ ಮೇಲಂತೂ ಮೇ ತಿಂಗಳಾದರೆ ಹೊರಟುಬಿಡುತ್ತಿದ್ದಳು. ವಾರ ಕಳೆಯುವುದರೊಳಗೆ ಫೋನು: "ವಾಪಸಿನ ಟಿಕೆಟು ಯಾವತ್ತಿಗೆ?" ಕಾಯಿಲೆ ಬಲಿತಾಗ ನಾನು ಸ್ಪಷ್ಟವಾಗಿಯೇ ಕೇಳಿದೆ, ಊರಿಗೆ ಹೋಗೋಣವೇ ಎಂದು. ಅವಳ ಉತ್ತರವೂ ಅಷ್ಟೇ ಸ್ಪಷ್ಟವಾಗಿತ್ತು: "ಅಲ್ಲಿ ತಮ್ಮನ ಮಕ್ಕಳಿಗೆ ನಾನು ಬಂದುಹೋಗುವ ಅತ್ತೆ. ನನ್ನ ಸಂಸಾರ, ಜಗಳ, ಬಳಕೆ ಎಲ್ಲ ಇಲ್ಲಿಯದು. ನನ್ನನ್ನು ಎಲ್ಲಿಗೂ ಸಾಗಿಸಬೇಡ."

ಕ್ರಿಯೆಯನ್ನು ಮುಂಬಯಿಯದೇ ಪುಣ್ಯತೀರ್ಥವಾದ ಬಾಣಗಂಗೆಯಲ್ಲಿ ಮಾಡಿದೆವು. ಹಳೆಯ ಚಾಳು ಕೆಡವಿ ಅಲ್ಲೀಗ ಎತ್ತರದ ಕಟ್ಟಡ ಎದ್ದಿದೆ. ಇದ್ದವರು ವಿರಾರ್, ಕಲ್ಯಾಣ, ಬದಲಾಪುರ ಎಂದು ಚದುರಿ ಹೋಗಿದ್ದಾರೆ. ಹದಿಮೂರನೆಯ ದಿನ ಅವರೆಲ್ಲ ನಮ್ಮ ಮನೆಯಲ್ಲಿದ್ದರು. ಎದುರು ಖೋಲಿಯ ಮಾವಶಿ ಮಂಡಿನೋವು ಇಟ್ಟುಕೊಂಡು ಲೋಕಲ್ ರೈಲಿನಲ್ಲಿ ಬಂದಿದ್ದರು. ಬಾಗಿಲ ಲೆಕ್ಕದ ಮಾತು ಬಂದಾಗ ನನ್ನ ಮಗಳಿಗೆ ಹೇಳಿದರು: "ನಿನ್ನ ಅಜ್ಜಿ ಬರೆದ ಅಂಕಿ ನಮಗೆ ಓದಲು ಬರುತ್ತಿರಲಿಲ್ಲ. ಅದಕ್ಕೇ ನಮ್ಮ ನಮ್ಮ ಲೆಕ್ಕ ನಾವೇ ಬರೆದಿಟ್ಟುಕೊಂಡಿದ್ದೆವು. ಬಣ್ಣ ಬಳಿದರೆ ಮರೆತುಬಿಡುತ್ತೇವೆಯೇ?" ಅಪ್ಪ ಆಸ್ಪತ್ರೆಯಲ್ಲಿದ್ದಾಗ ಚಾಳಿನ ಗಂಡಸರು ಸರದಿ ಹಾಕಿಕೊಂಡು ರಾತ್ರಿ ಕಾವಲು ಕೂತದ್ದು, ನನ್ನ ಬಾಣಂತನಕ್ಕೆ ದಿನಕ್ಕೊಬ್ಬರಂತೆ ಹೆಂಗಸರು ಬಂದದ್ದು ಯಾವ ಲೆಕ್ಕದಲ್ಲಿ ಎಂದು ನನಗೆ ತಿಳಿದದ್ದು ಆಗ. ಇಂಥವರನ್ನೆಲ್ಲ ಬಿಟ್ಟು ಅಮ್ಮನನ್ನು ನಾನು ಯಾವ ಊರಿಗೆ ಕರೆದೊಯ್ಯಲಿ?

ವರ್ಷಾಂತಿಕವೂ ಡೊಂಬಿವಲಿಯಲ್ಲಿಯೇ. ಕುಂದಾಪುರದವರೆಲ್ಲ ಬರಬೇಕು. ಮತ್ಸ್ಯಗಂಧದ ಸೀಟುಗಳು ಬೇಗ ತುಂಬಿಹೋಗುತ್ತವೆ, ಈಗಲೇ ಟಿಕೆಟು ತೆಗೆಸಿ. ಬರುವಾಗ ಒಂದು ಕಟ್ಟು ಬಾಳೆ ಎಲೆ ತಂದರೆ ಸಾಕು. ಉಳಿದದ್ದನ್ನು ನಾವು ಚಾಳಿನವರು ನೋಡಿಕೊಳ್ಳುತ್ತೇವೆ.