ಉಗುರಿನ ಬುಡದ ಬಿಳುಪು

ಅಕ್ಕನಿಗೆ ಮೂತ್ರಪಿಂಡ ಕಸಿಯಾದ ಎರಡನೆಯ ವರ್ಷ, ಉಗುರು ಕತ್ತರಿಸಿಕೊಡುತ್ತಿದ್ದಾಗ ಅವಳ ಕಾಲಿನ ಹೆಬ್ಬೆರಳು ನನ್ನ ಕಣ್ಣಿಗೆ ಬಿತ್ತು. ಉಗುರಿನ ತುದಿ ನಯವಾಗಿಯೇ ಇತ್ತು. ಬುಡದಲ್ಲಿ ಮಾತ್ರ, ಚರ್ಮದ ಅಂಚಿನ ಕೆಳಗಿನಿಂದ ಸುಣ್ಣದಂಥ ಬಿಳಿ ಮಚ್ಚೆಯೊಂದು ಮುಂದಕ್ಕೆ ಚಾಚಿತ್ತು. ಉಗುರಿನ ಫಂಗಸ್ ಸಾಮಾನ್ಯವಾಗಿ ತುದಿಯಿಂದಲೋ ಪಕ್ಕದ ಅಂಚಿನಿಂದಲೋ ಒಳಸೇರುತ್ತದೆ. ಬುಡದಿಂದಲೇ ಹೊರಡುವ ಸೋಂಕು ಆರೋಗ್ಯವಂತರಲ್ಲಿ ಅಪರೂಪವಾಗಿದ್ದು, ಎಚ್‌ಐವಿ ಇರುವವರಲ್ಲಿ ಹಾಗೂ ಅಕ್ಕನಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುವವರಲ್ಲಿ ಹೆಚ್ಚಾಗಿ ಕಾಣಿಸುತ್ತದೆ.

ಚರ್ಮವೈದ್ಯರು ಕೂಡಲೇ ಔಷಧ ಬರೆಯಲಿಲ್ಲ, ಅದು ಸರಿಯಾದ ನಿರ್ಧಾರವಾಗಿತ್ತು. ಉಗುರನ್ನು ಕೆರೆದು ತೆಗೆದ ಪುಡಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿದರೆ ಉಗುರಿನ ಗಟ್ಟಿ ಪ್ರೋಟೀನಾದ ಕೆರಾಟಿನ್ ಕರಗಿ, ಫಂಗಸ್‌ನ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಆದರೆ ಅದು ಯಾವ ಫಂಗಸ್ ಎಂಬುದು ಅಷ್ಟರಿಂದ ತಿಳಿಯದು, ಅದಕ್ಕೆ ಕಲ್ಚರ್ ಬೇಕು, ಅಂದರೆ ಪ್ರಯೋಗಾಲಯದಲ್ಲಿ ಪೋಷಕ ಮಾಧ್ಯಮದ ಮೇಲೆ ಫಂಗಸನ್ನು ಬೆಳೆಸಿ ನೋಡಬೇಕು. ಕೆಲವು ಫಂಗಸ್‌ಗಳ ಬೆಳವಣಿಗೆಯನ್ನು ತಡೆಯುವ ಸೈಕ್ಲೋಹೆಕ್ಸಿಮೈಡ್ ಎಂಬ ರಾಸಾಯನಿಕ ಬೆರೆಸಿದ ಮಾಧ್ಯಮದಲ್ಲಿ ಟ್ರೈಕೊಫೈಟಾನ್‌ನಂಥ ಸಾಮಾನ್ಯ ಫಂಗಸ್‌ಗಳು ಬೆಳೆದರೂ ಫ್ಯುಸೇರಿಯಂನಂಥವು ಬೆಳೆಯದೇ ಹೋಗಬಹುದು. ಅಕ್ಕನ ಮೊದಲ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಎರಡನೆಯ ಸಲ ಆ ರಾಸಾಯನಿಕವಿಲ್ಲದ ಮಾಧ್ಯಮವನ್ನೂ ಬಳಸಿದಾಗ ಫ್ಯುಸೇರಿಯಂ ಸಿಕ್ಕಿತು.

ಮಣ್ಣಿನಲ್ಲಿ, ಗಿಡಗಳ ಮೇಲೆ ಎಲ್ಲೆಲ್ಲೂ ಇರುವ ಫಂಗಸ್ ಇದು. ರಕ್ತಕ್ಯಾನ್ಸರ್‌ಗೆ ಕಿಮೊಥೆರಪಿ ಪಡೆದು ಸೋಂಕಿನೊಡನೆ ಹೋರಾಡುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ತೀರಾ ಕುಸಿದವರಲ್ಲಿ, ಇಂಥ ಉಗುರು ಮತ್ತು ಅದರ ಸುತ್ತಲಿನ ಊದಿಕೊಂಡ ಚರ್ಮದಿಂದ ಸೋಂಕು ರಕ್ತಕ್ಕೇರಿ ಮೈಯೆಲ್ಲ ಹರಡಿ ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ಕಿಮೊಥೆರಪಿ ಶುರುವಾಗುವ ಮುನ್ನವೇ ಕಾಲ್ಬೆರಳುಗಳನ್ನು ವೈದ್ಯರಿಗೆ ತೋರಿಸಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನೇಲ್ ಪಾಲಿಶ್ ಇದ್ದರೆ ತೆಗೆದೇ ತೋರಿಸಬೇಕು. ಬೆರಳು ಕೆಂಪಾಗಿ ನೋಯುತ್ತಿದ್ದರೆ ಬರಿಯ ಉಗುರುಸುತ್ತು ಎಂದುಕೊಂಡು ಮನೆಮದ್ದು ಮಾಡುತ್ತ ದಿನ ಕಳೆಯಬಾರದು.

ಔಷಧದ ವಿಷಯವೂ ಸುಲಭವಲ್ಲ. ಅಕ್ಕನಿಗೆ ಕೊಟ್ಟ ವೊರಿಕೊನಜೋಲ್ ಎಂಬ ಫಂಗಸ್ ಔಷಧ, ಅವಳು ಕಸಿಗಾಗಿ ನುಂಗುವ ಟ್ಯಾಕ್ರೊಲಿಮಸ್ ಯಕೃತ್ತಿನಲ್ಲಿ ವಿಭಜನೆಯಾಗುವುದನ್ನು ತಡೆಯುತ್ತದೆ. ಹಾಗಾದಾಗ ರಕ್ತದಲ್ಲಿ ಟ್ಯಾಕ್ರೊಲಿಮಸ್ ಪ್ರಮಾಣ ಏರಿ, ಕಸಿ ಮಾಡಿದ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ. ವೈದ್ಯರು ಟ್ಯಾಕ್ರೊಲಿಮಸನ್ನು ಮೂರನೇ ಒಂದು ಭಾಗಕ್ಕಿಳಿಸಿ, ಮತ್ತೆ ಮತ್ತೆ ರಕ್ತಪರೀಕ್ಷೆ ಮಾಡಿಸಿದರು. ಯಾರದೋ ಮಾತು ಕೇಳಿ ಅಂಗಡಿಯಿಂದ ಫಂಗಸ್ ಮಾತ್ರೆ ತಂದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಭಯವಾಗುತ್ತದೆ.

ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಚಿಕಿತ್ಸೆ ಶುರುವಾಗಿ ಈಗ 9 ತಿಂಗಳಾಗಿದೆ. ಬುಡದಿಂದ ಅರ್ಧಕ್ಕಿಂತ ತುಸು ಹೆಚ್ಚು ಭಾಗ ತಿಳಿಗೆಂಪಾಗಿ ಬೆಳೆದಿದೆ, ಬಿಳುಪು ತುದಿಯತ್ತ ಸರಿದಿದೆ. ಪ್ರತಿ ಭಾನುವಾರ ಅಕ್ಕ ಕಾಲು ಚಾಚಿ ಕೂರುತ್ತಾಳೆ, ನಾನು ಅವಳಿಗೆಂದೇ ಮೀಸಲಿಟ್ಟ ನೇಲ್ ಕಟರ್ ಹಿಡಿದು ಆ ಉಗುರಿನ ಅಂಚನ್ನು ಕತ್ತರಿಸುತ್ತೇನೆ.