ನಮ್ಮ ಕಡೆಯ ಸಿನಿಮಾ ನಿಮಗೇಕೆ ಹಿಡಿಸುವುದಿಲ್ಲ?

ಆಲ್ದೂರಿನ ಸಮೀಪದ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ಭಾನುವಾರ ಬಿಡುವು ಸಿಕ್ಕಾಗ ಚಿಕ್ಕಮಗಳೂರಿಗೆ ಹೋಗಿ ಸಿನಿಮಾ ನೋಡುವುದು, ಹೋಗಲಾಗದ ವಾರ ಮೊಬೈಲಿನಲ್ಲೇ ನೋಡುವುದು ಬಹಳ ವರ್ಷಗಳ ಅಭ್ಯಾಸವಾದ್ದರಿಂದ, ಪರಿಚಿತರು ನನ್ನನ್ನು ಕಂಡಾಗ ಮಳೆಯ ವಿಚಾರ ಮುಗಿಸಿ ಸಿನಿಮಾದ ವಿಚಾರಕ್ಕೆ ಬರುತ್ತಾರೆ. ಮೊದಲೆಲ್ಲ ಅವರು ಕೇಳುತ್ತಿದ್ದುದು ‘ಚೆನ್ನಾಗಿದೆಯಾ?’ ಎಂದಷ್ಟೇ. ನನ್ನ ಉತ್ತರಗಳನ್ನು ಕೇಳಿ ಕೇಳಿ ಈಗ ಪ್ರಶ್ನೆಯೇ ಬದಲಾಗಿದೆ: ‘ಅಲ್ಲ ರೈಟರ್ರೇ, ಮಂಡ್ಯದ್ದು ಚೆನ್ನಾಗಿದೆ ಅಂತೀರಿ, ಮಂಗಳೂರಿನದ್ದು ಚೆನ್ನಾಗಿದೆ ಅಂತೀರಿ, ನಮ್ಮ ಕಡೆ ತೆಗೆದದ್ದು ಬಂದರೆ ಮಾತ್ರ ಮುಖ ಸಿಂಡರಿಸ್ತೀರಲ್ಲ, ಯಾಕೆ?’ ಕ್ಷೌರದಂಗಡಿಯವರು ಕೇಳಿದರು, ಕೊನೆಗೆ ನಮ್ಮ ಭಾವನವರೂ ಕೇಳಿದರು. ಆದ್ದರಿಂದ ಬರೆದೇ ಹೇಳಿಬಿಡುತ್ತೇನೆ.

ಕಾರಣ, ತೋಟವನ್ನು ತೋರಿಸುವಾಗ ಅವರು ಮಾಡುವ ತಪ್ಪುಗಳಲ್ಲ. ಅವು ಬೇಕಾದಷ್ಟಿರುತ್ತವೆ. ಒಂದು ಹಾಡಿನಲ್ಲಿ ನಾಯಕಿ ಬೆಳ್ಳಗೆ ಹೂ ಬಿಟ್ಟ ಅರೇಬಿಕಾ ಕಾಫಿ ಗಿಡಗಳ ನಡುವೆ ಓಡಿ, ಮರದ ಮರೆಗೆ ಹೋಗಿ ಈಚೆ ಬರುವಷ್ಟರಲ್ಲಿ ಗಿಡದ ತುಂಬ ಕೆಂಪು ಹಣ್ಣಿತ್ತು. ಕಾಫಿಯ ಹೂ ಅರಳಿಸುವ ಹೂಮಳೆ ಬೀಳುವುದು ಮಾರ್ಚ್, ಏಪ್ರಿಲ್ ಹೊತ್ತಿಗೆ. ಹಣ್ಣು ಕೊಯ್ಲಿಗೆ ಬರುವುದು ನವೆಂಬರ್ ಹೊತ್ತಿಗೆ. ಪಾಪ, ಆ ಹುಡುಗಿ ಏಳೆಂಟು ತಿಂಗಳು ಮರದ ಹಿಂದೆಯೇ ನಿಂತಿದ್ದಳೆಂದು ತಿಳಿಯಬೇಕು. (ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾದಲ್ಲಿ ಕೊಯ್ಲು ತಡವಾಗಿ ಅಕಾಲದಲ್ಲಿ ಮಳೆ ಬಿದ್ದರೆ ಹಣ್ಣಿನ ಜೊತೆಗೇ ಹೂ ಅರಳುವುದುಂಟು. ಆದರೆ ಅದು ತೋಟದವರು ತಲೆಯ ಮೇಲೆ ಕೈಹೊತ್ತು ಕೂರುವ ಸಮಯವೇ ಹೊರತು ಹಾಡುವ ಸಮಯವಲ್ಲ.) ಇವನ್ನೆಲ್ಲ ನಾನು ನಕ್ಕು ಬಿಟ್ಟುಬಿಡುತ್ತೇನೆ.

ಬಿಡಲಾಗದ್ದು ಮಾತು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸುತ್ತ ಡ್ರೋನ್ ಹಾರಿ, ಮಂಜು, ಹಸಿರು, ಹಂಚಿನ ಮನೆ ಎಲ್ಲವನ್ನೂ ತೋರಿಸಿ ಕೆಳಗಿಳಿದ ಮೇಲೆ, ಆ ಮನೆಯಿಂದ ಹೊರಬಂದ ಮನುಷ್ಯ ಬಾಯಿ ತೆರೆದರೆ ಬೆಂಗಳೂರಿನ ಧಾರಾವಾಹಿಯ ಕನ್ನಡ ಕೇಳಿಸುತ್ತದೆ. ನಮ್ಮ ಜಿಲ್ಲೆಯೊಂದರಲ್ಲೇ ಕಡೂರಿನವರ ‘ಏನ್ಲಾ’ ಬೇರೆ, ಕೊಪ್ಪದವರ ‘ಎಂಥ ಮಾರಾಯ’ ಬೇರೆ. ಬೆಳಿಗ್ಗೆ ನಾನು ಹಾಜರಿ ಕರೆಯುವಾಗ ಮೇಸ್ತ್ರಿ ತಮಿಳಿನಲ್ಲಿ ಗದರುತ್ತಾರೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನೋಡಿಕೊಳ್ಳುವವರು ತುಳುವಿನಲ್ಲಿ ಗೊಣಗುತ್ತಾರೆ, ಅಸ್ಸಾಮಿನಿಂದ ಬಂದ ಹುಡುಗರು ತಮಗೆ ಬರುವ ಹಿಂದಿಗೆ ಒಂದು ‘ಆಯ್ತು’ ಸೇರಿಸಿ ಉತ್ತರಿಸುತ್ತಾರೆ. ಇವರೇ ಸಿನಿಮಾದೊಳಗೆ ಬಂದರೆ ನಾಯಕನ ಜೀಪಿನ ಪಕ್ಕದಲ್ಲಿ ಸಾಲಾಗಿ ನಡೆದುಹೋಗುತ್ತಾರೆ, ಒಬ್ಬರಿಗೂ ಒಂದು ಮಾತಿಲ್ಲ. ಬಟವಾಡೆಯ ದಿನ ಅರ್ಧ ಹಾಜರಿ ಕಡಿಮೆ ಬಿದ್ದರೆ ಅವರು ಎಷ್ಟು ಮಾತಾಡಬಲ್ಲರೆಂಬುದನ್ನು ನನ್ನನ್ನು ಕೇಳಬೇಕು.

‘ತಿಥಿ’ಯನ್ನು ಈಚೆಗೆ ಎರಡನೆಯ ಸಲ ನೋಡಿದೆ. 2016ರಲ್ಲಿ ತೆರೆಗೆ ಬಂದ ರಾಮ್ ರೆಡ್ಡಿಯವರ ಈ ಚಿತ್ರದಲ್ಲಿರುವವರು ಬಹುಮಟ್ಟಿಗೆ ಮಂಡ್ಯ ಸೀಮೆಯ ಹಳ್ಳಿಗರೇ, ನಟನೆಯನ್ನು ಕಸುಬು ಮಾಡಿಕೊಂಡವರಲ್ಲ. 101 ವರ್ಷದ ಸೆಂಚುರಿ ಗೌಡ ತೀರಿಕೊಂಡ ದಿನದಿಂದ ತಿಥಿಯ ದಿನದವರೆಗೆ ಅವನ ಮಗ, ಮೊಮ್ಮಗ, ಮರಿಮಗ ಏನೇನು ಮಾಡುತ್ತಾರೆಂಬುದಷ್ಟೇ ಕಥೆ. ಹೆತ್ತ ತಂದೆ ಗಡ್ಡಪ್ಪ ಬದುಕಿರುವಾಗಲೇ ಸತ್ತನೆಂದು ಕಾಗದ ಮಾಡಿಸಿ ಜಮೀನು ಮಾರಲು ಹೊರಡುವ ತಮ್ಮಣ್ಣ ಪುಸ್ತಕದ ಕನ್ನಡದಲ್ಲಿ ಮಾತಾಡಿದ್ದರೆ ನಾನು ಅವನನ್ನು ಖಳನಾಯಕನೆಂದು ಮೊದಲ ಅರ್ಧ ಗಂಟೆಯಲ್ಲೇ ಬರೆದಿಟ್ಟು ಸುಮ್ಮನಾಗುತ್ತಿದ್ದೆ. ಅವನು ತನ್ನೂರಿನ ಮಾತಿನಲ್ಲಿ ಅವಸರಪಡುವುದನ್ನೂ ಅಂಗಲಾಚುವುದನ್ನೂ ಕೇಳಿದ್ದರಿಂದ, ಸಾಲಕ್ಕೆ ಸಿಕ್ಕಿಕೊಂಡ ಪಕ್ಕದ ಮನೆಯವನಂತೆ ಕಂಡು, ಬೈಯಲೂ ಆಗದೆ ಹೊಗಳಲೂ ಆಗದೆ ಕುಳಿತೆ. ಮಾತಿನಿಂದ ಆಗುವ ಕೆಲಸವೆಂದರೆ ಇದು. ಸೊಗಡು, ಸೊಗಸು ಎಂದೆಲ್ಲ ಹೊಗಳುವವರು ಇದನ್ನು ಗಮನಿಸುವುದಿಲ್ಲ.

ಪ್ರಾಂತ್ಯದ ಮಾತು ಹಾಕಿದರೆ ಬೇರೆ ಊರಿನವರಿಗೆ ತಿಳಿಯುವುದಿಲ್ಲವೆಂದು ಭಾವನವರು ವಾದಿಸುತ್ತಾರೆ. ಜೆ. ಪಿ. ತುಮಿನಾಡು ನಿರ್ದೇಶಿಸಿದ ‘ಸು ಫ್ರಮ್ ಸೋ’ 2025ರ ಜುಲೈನಲ್ಲಿ ಬಂದಾಗ ಅವರನ್ನೇ ಕರೆದುಕೊಂಡು ಹೋಗಿದ್ದೆ. ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ಪ್ರೇತ ಊರ ಹುಡುಗ ಅಶೋಕನ ಮೈಮೇಲೆ ಬಂದಿದೆಯೆಂಬ ಸುದ್ದಿ ಹಬ್ಬಿ, ಕರಾವಳಿಯ ಹಳ್ಳಿಯೊಂದು ತಲೆಕೆಳಗಾಗುವ ಕಥೆ. ಉತ್ತರಾರ್ಧದಲ್ಲಿ ಅದು ಸ್ವಲ್ಪ ಎಳೆದಾಡುತ್ತದೆ, ಆ ಮಾತು ಒಪ್ಪುತ್ತೇನೆ. ಆದರೆ ಅದರಲ್ಲಿ ಬರುವ ರವಿಯಣ್ಣನೆಂಬ ಪಾತ್ರದ ಒಂದೊಂದು ಮಾತಿಗೂ ಭಾವನವರು ನನಗಿಂತ ಮೊದಲೇ ನಗುತ್ತಿದ್ದರು; ಎಲ್ಲ ಶಬ್ದಗಳ ಅರ್ಥ ಅವರಿಗಾಗಿತ್ತೇ ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಹಾಗಾದರೆ ನಮ್ಮ ಕಡೆಯದು ಯಾವುದೂ ಇಲ್ಲವೇ? ಒಂದಿದೆ, ಅರೆಮನಸ್ಸಿನಿಂದ ಹೇಳುತ್ತೇನೆ. ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಬರೆದ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ ಶಶಾಂಕ್ ಸೋಗಾಲ್ ನಿರ್ದೇಶಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ 2023ರಲ್ಲಿ ಬಂತು. ತೇಜಸ್ವಿಯವರ ಓದುಗರೇ ಸೇರಿ ಅದಕ್ಕೆ ಹಣ ಹೂಡಿದ್ದರು. ಅದರ ಬಣ್ಣ ನನ್ನ ಕಣ್ಣಿಗೆ ಹೆಚ್ಚಾಯಿತು, ಮಾತೂ ಅಲ್ಲಲ್ಲಿ ನಾಟಕದ ಮಾತಾಯಿತು. ಆದರೂ ಕಥೆಯ ಊರಾದ ಅಬಚೂರಿನ ಆ ಕಾಲೇಜು ಹುಡುಗರು ಹೊಸಬನೊಬ್ಬನನ್ನು ದೂರವಿಟ್ಟು, ಅವನ ವಿಷಯ ಇಲ್ಲದ್ದನ್ನೆಲ್ಲ ಕಲ್ಪಿಸಿಕೊಂಡು, ಕೊನೆಗೆ ಕ್ರಿಕೆಟ್ ಮೈದಾನದಲ್ಲಿ ತಾವೇ ಬೆಪ್ಪಾಗುವ ರೀತಿಯಿದೆಯಲ್ಲ, ಆ ಕೀಟಲೆ ನಮ್ಮದೇ. ಅಷ್ಟಕ್ಕಾಗಿ ಉಳಿದದ್ದನ್ನು ಮನ್ನಿಸಿದ್ದೇನೆ.

ಮೊನ್ನೆ ಕ್ಷೌರದಂಗಡಿಯಲ್ಲಿ ಮತ್ತೊಂದು ಹೊಸ ಸಿನಿಮಾದ ಟ್ರೈಲರ್ ತೋರಿಸಿ, ‘ಇದು ಬಾಬಾಬುಡನ್‌ಗಿರಿ ಕಡೆ ತೆಗೆದದ್ದಂತೆ, ಹೋಗ್ತೀರಾ ರೈಟರ್ರೇ?’ ಎಂದು ಕೇಳಿದರು. ಹೋಗುತ್ತೇನೆ ಎಂದಿದ್ದೇನೆ. ಎರಡೂವರೆ ನಿಮಿಷದಲ್ಲಿ ಮೂರು ಸಲ ಮಂಜು ಕಂಡಿತು, ಮಾತು ಇನ್ನೂ ಕೇಳಿಸಿಲ್ಲ.